ಇಬ್ಬರೂ ಬಾರಿಸಿದರೆ ತಪ್ಪಲ್ಲ

ನಮ್ಮ ಮಾಸ್ತರು ಒಂದು ಕಾಲಕ್ಕೆ ಲಿಂಗಸುಗೂರಿನಲ್ಲಿ ಜಾಝ್ ತಂಡ ಕಟ್ಟಿದ್ದರು. ಅವರ ಪಕ್ಕದಲ್ಲಿ ಎರಡನೇ ಗಿಟಾರ್ ನನ್ನದು. ನಾನು ಧರಣಿಗಳಲ್ಲಿ ಘೋಷಣೆ ಕೂಗುತ್ತಿದ್ದವನು, ಅಲ್ಲಿಯವರೆಗೆ ಗಿಟಾರ್ ಯಾರ ಬಳಿಯೂ ಕಲಿತವನಲ್ಲ, ಹಾಗಾಗಿ ನಡುನಡುವೆ ತಪ್ಪುತ್ತಿದ್ದೆ. ಆಗೆಲ್ಲ ಮಾಸ್ತರು ಬೇಕೆಂದೇ ಅದೇ ತಪ್ಪನ್ನು ತಾವೂ ಬಾರಿಸುತ್ತಿದ್ದರು. ಇಬ್ಬರೂ ಬಾರಿಸಿದ ಮೇಲೆ ಅದು ತಪ್ಪೆಂದು ಹೇಳುವ ಧೈರ್ಯ ಯಾರಿಗಿತ್ತು!

ಹೋದ ವರ್ಷ ಮಸ್ಕಿಯ ಒಂದು ಮದುವೆ. ಈಗ ತಂಡ ನನ್ನದು, ಎರಡನೇ ಗಿಟಾರ್ ಮಾಸ್ತರದು. ಸಿನಿಮಾ ಹಾಡಿನ ನಡುವೆ ಅವರಿಗೆ ಹಳೆಯ ಹುಕಿ ಬಂತು. ಹಾಡು ಬಿಟ್ಟು, ಕಣ್ಣು ಮುಚ್ಚಿ ತಮ್ಮ ಜಾಝ್ ಬಾರಿಸುತ್ತಲೇ ಹೋದರು. ಮದುಮಗನ ಕಾಕಾ ವೇದಿಕೆ ಹತ್ತಿ ಬಂದ.

"ಈ ಮುದುಕ ಇನ್ನಾ ತಂತಿ ಬಿಗಿಯಾಕತ್ತಾನೇನ್ರೀ? ಮೊದಲ ಕೆಳಗ ಇಳಸ್ರಿ ಇವನ್ನ!"

ಮಾಸ್ತರ ಕೈ ನಿಂತಿತು. ನನಗೆ ಮೈಯೆಲ್ಲ ಉರಿದು ಬೈಗುಳ ಬಾಯಿಗೆ ಬಂತು. ಆದರೆ ಬೈದರೆ ಇಬ್ಬರನ್ನೂ ಇಳಿಸುತ್ತಿದ್ದರು. ಮಾಸ್ತರು ಬಾರಿಸಿದ್ದನ್ನೇ ನಾನು ಮೊದಲಿನಿಂದ ಬಾರಿಸತೊಡಗಿದೆ. ಅವರೂ ಮೆಲ್ಲಗೆ ಕೂಡಿಕೊಂಡರು.

ಕಾಕಾ ಇಬ್ಬರ ಮುಖ ನೋಡಿದ. "ಇದೂ ಹಾಡಿನಾಗ ಐತೇನ್ರೀ?"

"ಐತ್ರೀ. ಅಸಲಿ ಹಾಡು ಇದ," ಎಂದೆ ನಾನು.

ಅವನು ತಲೆಯಾಡಿಸುತ್ತ ಇಳಿದು ಹೋದ. ಮಾಸ್ತರು ನನ್ನತ್ತ ಬಾಗಿದರು. "ಲೇ, ನಡುವ ನಾ ಖರೇನ ತಪ್ಪಿದ್ದೆ. ಅದನ್ನೂ ಯಾಕ ಬಾರಿಸಿದಿ?"

"ನೀವ ಕಲಿಸಿದ್ದಲ್ರೀ, ಮಾಸ್ತರ."

ಸಿಂಧನೂರಿನ ಎಷ್ಟೋ ಧರಣಿಗಳಲ್ಲಿ ಸರಿಯಾದದ್ದನ್ನೇ ಗಂಟಲು ಹರಿಯುವಂತೆ ಕೂಗಿದ್ದೇನೆ. ಆ ಕಾಕಾನಷ್ಟು ಬೇಗ ಯಾರೂ ಒಪ್ಪಿಕೊಂಡು ಹೋಗಿರಲಿಲ್ಲ.