ನಾಲ್ಕನೆಯ ಹಾಸಿಗೆ

ನಮ್ಮಜ್ಜಿ ದೆವ್ವದ ಕಥೆ ಹೇಳಲು ಕೂತರೆ ನಡುವೆ ಬಾಯಿ ಹಾಕಿ ನಗುತ್ತಿದ್ದವನು ನಾನು. ವೈದ್ಯನಾದ ಮೇಲಂತೂ ಎಕ್ಸ್‌ರೇಯಲ್ಲಿ ಕಾಣದ್ದನ್ನು ನಂಬುವ ಗೋಜಿಗೇ ಹೋಗಲಿಲ್ಲ. ಈಗ ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ. ನನಗೇ ತಲೆಬುಡ ತಿಳಿದಿಲ್ಲ.

2001ರ ನವೆಂಬರ್. ಮ್ಯಾಂಚೆಸ್ಟರಿನ ಎದೆರೋಗದ ಕ್ಲಿನಿಕ್ಕಿನಲ್ಲಿದ್ದೆ. ಅದೇ ಊರಿನ ಫಾಲೋಫೀಲ್ಡ್ ಬಡಾವಣೆಯಲ್ಲಿದ್ದ ಧಾರವಾಡದ ಪ್ರಕಾಶನಿಗೆ ಕ್ಷಯ ಕಂಡಿತ್ತು. ಅಂಥವರ ಮನೆಯಲ್ಲಿರುವ ಎಲ್ಲರನ್ನೂ ಪರೀಕ್ಷಿಸಬೇಕು. ಒಬ್ಬರು ತಪ್ಪಿದರೂ ಅವರ ಪ್ರಾಣಕ್ಕೇ ಕುತ್ತು ಬರಬಹುದು. ಕನ್ನಡದವನೆಂದು ನಮ್ಮ ನರ್ಸ್ ಆ ಮಧ್ಯಾಹ್ನ ನನ್ನನ್ನೇ ಕಳಿಸಿದಳು.

"ನಾವ್ ಮೂರ ಮಂದಿ ರೀ ಡಾಕ್ಟ್ರ. ನನ್ನ ಕೆಮ್ಮೂ ಸೇರಿಸಿದ್ರ ನಾಕು!" ಎಂದು ಪ್ರಕಾಶ ನಕ್ಕ. ಹೆಂಡತಿ ಸುಧಾ ನಗಲಿಲ್ಲ. ಗಂಡ, ಹೆಂಡತಿ, ಮಗು ಎಂದು ಬರೆದುಕೊಂಡೆ. ನಮ್ಮವರ ಮನೆಯ ಒಳಕೋಣೆ ಇಣುಕುವುದು ಮರ್ಯಾದೆಯೇ? ಚಹಾ ಕುಡಿದು ಎದ್ದೆ.

ಬಸ್‌ಸ್ಟಾಪಿನಲ್ಲಿ ಕಡುನೀಲಿ ಕೋಟು ತೊಟ್ಟ ಇಂಗ್ಲಿಷ್ ಮುದುಕಿಯೊಬ್ಬಳು ಕೂತಿದ್ದಳು. ನನ್ನ ಫೈಲು ನೋಡಿ, "ಎಷ್ಟು ಹಾಸಿಗೆ ಎಣಿಸಿದಿರಿ?" ಎಂದಳು. ಏನೂ ತೋಚದೆ, ಮೂರು ಜನ ಎಂದೆ.

"ಜನರನ್ನು ಕೇಳಬಾರದು ಡಾಕ್ಟರ್, ಹಾಸಿಗೆ ಎಣಿಸಬೇಕು. ಹದಿನೇಳನೇ ನಂಬರಿನಲ್ಲಿ ನಾಲ್ಕಿವೆ. ಹಿಂದಿನ ಕೋಣೆಯ ಹುಡುಗಿಯನ್ನು ಬಿಟ್ಟಿರಿ."

ಬಸ್ ಬಂತು. ಎಲ್ಲರಂತೆ ಹತ್ತಿ ಹೋದಳು. ನಾನು ತಿರುಗಿ ಪ್ರಕಾಶನ ಮನೆಗೆ, ಅದೇ ಹದಿನೇಳಕ್ಕೆ, ಹೋದೆ.

ಹಿಂದಿನ ಕೋಣೆ ನೋಡಬೇಕೆಂದ ಕೂಡಲೇ ಸುಧಾ ಅತ್ತುಬಿಟ್ಟಳು. "ನನ್ನ ತಂಗಿ ರೀ. ಮಾರ್ಚ್‌ದಾಗ ಲಗ್ನ. ಈ ರೋಗದ ಹೆಸರು ಹುಬ್ಬಳ್ಳಿ ಮುಟ್ಟಿದ್ರ ಯಾರ್ ಮಾಡ್ಕೋತಾರ್ರೀ?" ಒಳಗೆ ಆ ತಂಗಿ ಗೀತಾ ಕೆಮ್ಮು ಕೇಳಿಸದಂತೆ ಬಾಯಿಗೆ ಟವೆಲ್ ಒತ್ತಿಕೊಂಡು ಕೂತಿದ್ದಳು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದಲ್ಲಿ ಕ್ಷಯದ ತೂತು ಕಂಡಿತು. ಆರು ತಿಂಗಳ ಮಾತ್ರೆಗೆ ಹುಷಾರಾದಳು. ಮದುವೆ ಮುಂದೆ ಹೋಯಿತು, ಮುರಿಯಲಿಲ್ಲ.

ಮರುವರ್ಷ ಕ್ಲಿನಿಕ್ ಬೇರೆ ಕಟ್ಟಡಕ್ಕೆ ಹೋಗುವಾಗ ಹಳೆಯ ಕಪಾಟು ಖಾಲಿ ಮಾಡಿದೆವು. ಐವತ್ತರ ದಶಕದಲ್ಲಿ ನಗರಸಭೆಯ ಆರೋಗ್ಯ ಸಂದರ್ಶಕಿಯರು ಕ್ಷಯರೋಗಿಗಳ ಮನೆಮನೆಗೆ ಹೋಗಿ ಬರೆದ ಕಾರ್ಡುಗಳು ಸಿಕ್ಕವು. ಒಂದರ ಮೇಲೆ ಅದೇ ಬೀದಿ, ಹದಿನೇಳನೇ ಮನೆ. ಯಾವುದೋ ಐರಿಷ್ ಕುಟುಂಬ. "ಹೇಳಿದ್ದು ಮೂರು ಜನ. ಹಾಸಿಗೆ ನಾಲ್ಕು. ಹಿಂದಿನ ಕೋಣೆಯಲ್ಲಿ ಹುಡುಗಿ ಇರಬಹುದು. ಮತ್ತೆ ಹೋಗಬೇಕು." ಕೆಳಗೆ, ಬೇರೆ ಶಾಯಿಯಲ್ಲಿ, ಅದೇ ಕೈಬರಹ: "ತಡವಾಯಿತು."

ಆ ಮುದುಕಿ ನಿವೃತ್ತ ಸಂದರ್ಶಕಿಯಿರಬಹುದು, ವಯಸ್ಸಾಗಿ ಅಂದಿನದೂ ಇಂದಿನದೂ ತಲೆಯಲ್ಲಿ ಕಲಸಿಹೋಗಿರಬಹುದು ಎಂದುಕೊಳ್ಳುತ್ತೇನೆ. ಹಾಗಾದರೆ ಗೀತಾ ಬದುಕಿದ್ದು ಬರೀ ಕಾಕತಾಳೀಯವೇ ಎಂದು ಮನಸ್ಸು ಮತ್ತೆ ಗೊಂದಲಕ್ಕೆ ಬೀಳುತ್ತದೆ. ಅಂದು ಆಕೆ ಹೇಳಿದ್ದು ಯಾವ ಹುಡುಗಿಯ ಮಾತು, ನನಗೆ ಇವತ್ತಿಗೂ ತಿಳಿದಿಲ್ಲ.