ಬಳೆ ಕಳಚಿಟ್ಟು ಕೂರುತ್ತಿದ್ದ ಅಕ್ಕಾವ್ರು

ದೇವರ ಹಿತ್ತಾಳೆ ಗಂಟೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಕೈಯೆಲ್ಲ ಹುಳಿ, ಫೋನನ್ನು ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ. ಸಂಭಾಜಿನಗರದ ಆಸ್ಪತ್ರೆಯ ಆಯಾ, ಎಲ್ಲರೂ ಮಾವಶಿ ಎಂದು ಕರೆಯುವವಳು, ಒಂದು ಮಾತು ಹೇಳಿ ಅಳತೊಡಗಿದಳು. ನಮ್ಮ ಅಕ್ಕಾವ್ರು ಬೆಳಿಗ್ಗೆ ಹೋಗಿಬಿಟ್ಟಿದ್ದರು.

ನನ್ನ ಕಣ್ಣ ಮುಂದೆ ಮೊದಲು ಬಂದದ್ದು ಅವರ ಬರಿಗೈಗಳು. ಮುತ್ತೈದೆಯೊಬ್ಬಳು ತಾನಾಗಿ ಬಳೆ ಕಳಚಿಡುವುದನ್ನು ನಾನು ಅವರನ್ನು ಕಾಣುವವರೆಗೆ ನೋಡಿರಲಿಲ್ಲ. ಕೆಲಸಕ್ಕೆ ಕೂರುವ ಮೊದಲು ಹಸಿರು ಬಳೆಗಳನ್ನೆಲ್ಲ ಕರವಸ್ತ್ರದ ಮೇಲಿಟ್ಟು, ಎರಡೂ ಕೈಗೆ ಅರಿಸಿನದ ದಾರ ಕಟ್ಟಿಕೊಳ್ಳುತ್ತಿದ್ದರು. ಮೊದಲ ಸಲ ನನ್ನ ಮುಖ ನೋಡಿ ನಕ್ಕರು.

“ಬಳಿ ಸಪ್ಪಳಾದ್ರ ನಿಮ್ಮ ಮಗಳು ನನ್ನ ಮಾತು ಬಿಟ್ಟು ಅದನ್ನ ಕೇಳ್ತಾಳ್ರಿ. ದಾರ ಕಟ್ಟೀನಲ್ಲ, ನಮ್ಮ ಮನಿಯವರಿಗೆ ಏನೂ ಆಗೂದಿಲ್ಲ.”

ಮಗಳಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ನಮ್ಮ ಯಜಮಾನರಿಗೆ ವಿಜಯಪುರದಿಂದ ಸಂಭಾಜಿನಗರದ ಬ್ಯಾಂಕಿಗೆ ವರ್ಗವಾದಾಗ ಅಲ್ಲಿಯೇ ಆಪರೇಶನ್ ಆಯಿತು. ತಲೆಯೊಳಗೊಂದು ಯಂತ್ರ, ಕಿವಿಯ ಹಿಂದೊಂದು. ಹೊರಗಿನ ಯಂತ್ರಕ್ಕೆ ಒಂದೊಂದು ಮಗುವಿಗೂ ಹೊಂದುವ ಅಳತೆಯನ್ನು ಕಂಪ್ಯೂಟರಿನಿಂದ ತುಂಬಬೇಕು. ಅದಕ್ಕೆ ಮ್ಯಾಪ್ ಅನ್ನುತ್ತಾರೆ. ಅದಿಲ್ಲದಿದ್ದರೆ ಯಂತ್ರ ಬರೀ ಪ್ಲಾಸ್ಟಿಕ್ಕು. ಆ ಅಳತೆ ಕೂರಿಸುವುದು ಅವರ ಕೆಲಸ. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕಾವ್ರು ಅನ್ನುತ್ತೇವೆ. ಅವರೂ ಕಲಬುರಗಿಯವರು, ಮರಾಠಿ ಮನೆ ಸೇರಿದವರು. ಹಾಗಾಗಿ ನಮಗೆ ಡಾಕ್ಟರಾಗದೆ ಅಕ್ಕಾವ್ರೇ ಆದರು.

ಅಳತೆ ಕೂರಿಸಿದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ತುಟಿ ಕಾಣದ ಹಾಗೆ, ಒಂದೊಂದೇ ಸದ್ದು ಹೇಳುತ್ತಿದ್ದರು. ಆ. ಊ. ಈ. ಮ್. ಶ್. ಸ್. ಮಗಳು ಕೇಳಿ ತಿರುಗಿ ಹೇಳಬೇಕು. ದಿನಾ ಬೆಳಿಗ್ಗೆ ದೀಪ ಹಚ್ಚಿದ ಕೂಡಲೇ ನಾನೂ ಹೀಗೆ ಮಾಡಬೇಕೆಂದು ಕಲಿಸಿದ್ದು ಅವರೇ.

ಪ್ರತಿ ಸಲ ಹೊರಡುವಾಗ ಆ ಅಳತೆಯ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ನನ್ನ ಕೈಗಿಡುತ್ತಿದ್ದರು. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಇದೆಯಲ್ಲ, ನನಗೇಕೆ ಎಂದು ಕೇಳಿದ್ದೆ.

“ಹೆಪ್ಪು ಒಂದೇ ಮನ್ಯಾಗ ಇಡ್ತೀರೇನ್ರಿ? ನಿಮ್ಮ ಮೊಸರು ಕೆಟ್ಟ ದಿನಾ ಬಾಜೂ ಮನಿಗೆ ಬಟ್ಟಲ ಹಿಡಕೊಂಡು ಹೋಗಂಗಿಲ್ಲೇನು?”

ನಾನು ಘೃಷ್ಣೇಶ್ವರನಿಗೆ ಹರಕೆ ಹೊತ್ತಿದ್ದೇನೆ ಎಂದೆ. “ಹರಕಿನೂ ಹೊರ್ರಿ, ಕಾಪಿನೂ ಇಡ್ರಿ. ಅವಾ ಸಿಟ್ಟಾಗೂದಿಲ್ಲ” ಎಂದರು. ಪೆನ್‌ಡ್ರೈವು ದೇವರ ಮಾಡದಲ್ಲಿ ಅಂಗಾರದ ಡಬ್ಬಿಯ ಪಕ್ಕ ಸೇರಿತು.

ಮುಂದೆ ನಮಗೆ ನಾಶಿಕಕ್ಕೆ ವರ್ಗವಾಯಿತು. ಹೋದ ವರ್ಷ ಒಂದು ಮಧ್ಯಾಹ್ನ ಮಗಳ ಕಿವಿಯ ಯಂತ್ರ ನಿಂತುಹೋಯಿತು. ಕಂಪನಿಯವರು ಅದೇ ಮಾದರಿಯ ಬೇರೊಂದನ್ನು ಕಳಿಸಿದರು, ಆದರೆ ಅದು ಖಾಲಿ. ನಾಶಿಕದ ಡಾಕ್ಟರರ ಹೊಸ ಕಂಪ್ಯೂಟರು ಅದನ್ನು ಗುರುತೇ ಹಿಡಿಯಲಿಲ್ಲ. ಇಂಥ ತಂತ್ರಾಂಶಕ್ಕೆ ಕಂಪ್ಯೂಟರು ಬದಲಾದಾಗೊಮ್ಮೆ ಸರಕಾರದ ಪರವಾನಗಿ ಬೇಕಂತೆ. ಕಂಪನಿಯವರು ಹೊಸ ಮಾದರಿಗಳಿಗಷ್ಟೇ ಪಡೆದು ಹಳೆಯದನ್ನು ಕೈಬಿಟ್ಟಿದ್ದರು. ಹೊಸ ಯಂತ್ರ ಕೊಳ್ಳುವುದು ನಮ್ಮ ಕೈಲಾಗದ ಮಾತು.

ಮನೆಯಲ್ಲಿ ಮಗಳ ದನಿ ದಿನದಿಂದ ದಿನಕ್ಕೆ ಕೆಟ್ಟಿತು. “ಅವ್ವಾ, ನಾ ಮಾತಾಡಿದ್ದು ನನಗ ಕೇಳವಲ್ದು” ಅಂದವಳು ಆಮೇಲೆ ಮಾತೇ ಬಿಟ್ಟು ಕೈಸನ್ನೆಗೆ ಇಳಿದಳು. ಕಲಿಸಿದ್ದೆಲ್ಲ ನೀರಿಗೆ ಬಿತ್ತೆಂದು ನಾನು ದೇವರಿಗೆ ಬೆನ್ನು ಹಾಕಿ ಕೂತೆ.

ಕೊನೆಗೆ ಪೆನ್‌ಡ್ರೈವನ್ನು ಕುಪ್ಪಸದಲ್ಲಿಟ್ಟುಕೊಂಡು, ಮಗಳ ಕೈ ಹಿಡಿದು ಸಂಭಾಜಿನಗರದ ಬಸ್ಸು ಹತ್ತಿದೆ. ಅಕ್ಕಾವ್ರು ಕಿಡ್ನಿ ಕೆಟ್ಟು ರಜೆಯಲ್ಲಿದ್ದರು. ಅವರ ಜಾಗದ ಡಾಕ್ಟರು ಫೈಲು ನೋಡಿ, ಹೆಪ್ಪೇನೋ ಇದೆ, ಹಾಕಲು ಹಾಲಿಲ್ಲ ಎನ್ನುವಂಥ ಮಾತನ್ನೇ ಮರಾಠಿಯಲ್ಲಿ ಹೇಳಿದರು. ಅದನ್ನು ತೆರೆಯುವ ಹಳೆಯ ಕಂಪ್ಯೂಟರಿಗೆ ಇಂಟರ್ನೆಟ್ಟಿನ ಕಳ್ಳರಿಂದ ಇನ್ನು ರಕ್ಷಣೆ ಸಿಗುವುದಿಲ್ಲವೆಂದು ಆದೇಶ ಬಂದು, ಗುಜರಿ ಕೋಣೆಗೆ ಹಾಕಿದ್ದರು.

ಅಕ್ಕಾವ್ರಿಗೆ ಫೋನು ಮಾಡಿದ್ದು ಮಾವಶಿ. ಅಕ್ಕಾವ್ರು ಡಯಾಲಿಸಿಸ್ ಮುಗಿಸಿ ಅಲ್ಲಿಂದಲೇ ಆಟೋದಲ್ಲಿ ಬಂದರು, ತೋಳಿನ ಪಟ್ಟಿಯೂ ಬಿಚ್ಚಿರಲಿಲ್ಲ. ಆಸ್ಪತ್ರೆಯ ಮುಖ್ಯಸ್ಥರು ರೋಗಿಗಳ ಮಾಹಿತಿ ಕಳುವಾದರೆ ಯಾರು ಹೊಣೆ ಎಂದರು. ಅದೂ ಸುಳ್ಳಲ್ಲ. ಇಂಟರ್ನೆಟ್ಟಿಗೆ ಜೋಡಿಸಬಾರದೆಂದು ಆದೇಶವಿದೆ, ಕಟ್ಟಡದಲ್ಲೇ ಇರಬಾರದೆಂದು ಎಲ್ಲಿದೆ, ಎಂದು ಇವರು ಮರಾಠಿಯಲ್ಲಿ ತಣ್ಣಗೆ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ವಾಯರ್ ಕಿತ್ತಿದ್ದು ಎಲ್ಲಿಗೆ ಓಡಿಹೋಗ್ತದ್ರಿ?” ಎಂದರು. ಆ ದಿನದ ಮಟ್ಟಿಗೆ ಅಪ್ಪಣೆ ಸಿಕ್ಕಿತು.

ಕಂಪ್ಯೂಟರು ಕಿರ್ ಎಂದು ಕೂಗಿತೇ ಹೊರತು ಪರದೆ ಬೆಳಗಲಿಲ್ಲ. ಅಕ್ಕಾವ್ರು ಅದರ ಹೊಟ್ಟೆ ಬಿಚ್ಚಿ ಮೆಮೊರಿಯ ಪಟ್ಟಿಯೊಂದನ್ನು ಹೊರತೆಗೆದರು. ಮಗಳ ಕಂಪಾಸಿನಿಂದ ರಬ್ಬರು ಇಸಿದುಕೊಂಡು ಅದರ ಹಿತ್ತಾಳೆಬಣ್ಣದ ಅಂಚನ್ನು ಮೆಲ್ಲಗೆ ಉಜ್ಜಿದರು, ಊದಿದರು, ತಿರುಗಿ ಕೂರಿಸಿದರು. ಪರದೆ ಬೆಳಗಿತು.

ಆಗ ಅವರು ಬಳೆ ತೆಗೆಯಲು ಕೈ ಇಳಿಬಿಟ್ಟರು. ಎಳೆಯಬೇಕಾಗಲಿಲ್ಲ, ತಾವಾಗಿಯೇ ಜಾರಿ ಬಿದ್ದವು. ಅಷ್ಟು ಸೊರಗಿದ್ದರು. ದಾರ ಕಟ್ಟಿದ್ದು ನಾನು.

ಪೆನ್‌ಡ್ರೈವಿನ ಅಳತೆ ಯಂತ್ರಕ್ಕೆ ಇಳಿಯಿತು, ಸೆರಗು ಬಾಯಿಗೆ ಹೋಯಿತು. “ಆ.” ಮಗಳು ಅವರ ಸೆರಗನ್ನೇ ನೋಡಿದಳು. ಇನ್ನೊಮ್ಮೆ, “ಆ.” ಮಗಳು ತನ್ನ ಕಿವಿ ಮುಟ್ಟಿಕೊಂಡು, ಸೊಟ್ಟ ದನಿಯಲ್ಲಿ, ಆ ಅಂದಳು.

ಗೇಟಿನ ತನಕ ಬಂದು ಅಕ್ಕಾವ್ರು ನನಗೆ ಹೇಳಿದರು: “ಆ ಕಂಪ್ಯೂಟರ್ ಇನ್ನೊಮ್ಮೆ ಎದ್ದೀತು ಅಂತ ಹೇಳಂಗಿಲ್ರಿ. ನಾನೂ ಎದ್ದೇನು ಅಂತ ಹೇಳಂಗಿಲ್ಲ. ಇದ್ದಷ್ಟು ದಿನಾ ಮಗಳ ಜೋಡಿ ಮಾತಾಡ್ರಿ, ಬಾಯಿ ಮುಚ್ಚಬ್ಯಾಡ್ರಿ.”

ಈಗ ಅವರಿಲ್ಲ. ಆ ಕಂಪ್ಯೂಟರೂ ಮರುದಿನವೇ ಗುಜರಿಗೆ ಹೋಯಿತೆಂದು ಮಾವಶಿ ಹೇಳಿದ್ದಳು. ಮಗಳ ಕಿವಿಯ ಹಿಂದಿನ ಯಂತ್ರ ಇನ್ನೊಮ್ಮೆ ನಿಂತರೆ ತಟ್ಟಲು ನನಗೆ ಬಾಗಿಲಿಲ್ಲ. ಇವತ್ತು ಅದು ನಡೆಯುತ್ತಿದೆ. ಇವತ್ತಿನದು ಇಷ್ಟು ಎಂದು ದೇವರಿಗೆ ಕೈ ಮುಗಿಯುತ್ತೇನೆ, ನಾಳೆಯದನ್ನು ಕೇಳಲು ಧೈರ್ಯವಾಗುವುದಿಲ್ಲ.

ಮಾವಶಿಯ ಫೋನು ಮುಗಿದ ಮೇಲೆ ನಾನು ಹುಳಿಗೈಯಿಂದಲೇ ಸೆರಗನ್ನು ಬಾಯಿಗೊತ್ತಿಕೊಂಡೆ. ಎಷ್ಟು ಒತ್ತಿದರೂ ದನಿ ಹೊರಬಿತ್ತು. ಪಡಸಾಲೆಯಲ್ಲಿ ನನಗೆ ಬೆನ್ನು ಮಾಡಿ ಲೆಕ್ಕ ಬಿಡಿಸುತ್ತಿದ್ದ ಮಗಳು ಪೆನ್ಸಿಲು ಎತ್ತಲಿಲ್ಲ, ತಿರುಗಿಯೂ ನೋಡಲಿಲ್ಲ. ದಿನಾ ಬೆಳಿಗ್ಗೆ ಹೇಳುವ ಹಾಗೆ, ಸ್ಪಷ್ಟವಾಗಿ, ಆ ಅಂದಳು.

ಗಂಟೆ ತೊಳೆದು ಅದರ ಜಾಗದಲ್ಲಿಟ್ಟೆ. ಒಲೆಯ ಪಕ್ಕದ ಹಾಲು ಉಗುರುಬೆಚ್ಚಗಾಗಿತ್ತು. ಹೆಪ್ಪು ಹಾಕಿದೆ, ಉಳಿದ ಹೆಪ್ಪನ್ನು ಬಟ್ಟಲಿಗೆ ಸುರಿದು, ಪಕ್ಕದ ಮನೆಗೆ ಕೊಟ್ಟು ಬಾ ಎಂದು ಮಗಳನ್ನು ಕೂಗಿದೆ.