ಕೂತಲ್ಲೇ ಬಿಟ್ಟು ಬಂದದ್ದು

ಮನುಷ್ಯನಿಗೆ ನೆಲಗಳು ಎರಡು, ಒಂದು ಹೆತ್ತದ್ದು, ಇನ್ನೊಂದು ಅನ್ನ ಕೊಟ್ಟದ್ದು. ಎರಡಕ್ಕೂ ಸಮನಾಗಿ ತಲೆಬಾಗಿದವನ ಬಾಳೇ ಸಾರ್ಥಕ. ಮಲಾವಿ ದೇಶಕ್ಕೆ ಹೊರಡುವ ಮುನ್ನ ಹುಣಸೂರಿನಲ್ಲಿ ನಡೆದ ನನ್ನ ಬೀಳ್ಕೊಡುಗೆಯಲ್ಲಿ ಈ ಮಾತನ್ನು ನಾನೇ ಹೇಳಿದ್ದೆ. ಚಪ್ಪಾಳೆಯೂ ಬಿದ್ದಿತ್ತು. ಅಲ್ಲಿಯತನಕ ನಾನು ಕಂಡಿದ್ದ ಪರನೆಲವೆಂದರೆ ಗುಂಟೂರು. ಅಲ್ಲಿಯೂ ಅನ್ನ ಕೊಟ್ಟದ್ದು ಕಂಪನಿಯ ಕ್ಯಾಂಟೀನು.

ನನ್ನ ಕಸುಬು ಹೊಗೆಸೊಪ್ಪು. ಹರಾಜು ಕಟ್ಟೆಯಲ್ಲಿ ಸೊಪ್ಪಿನ ಮೂಟೆಯ ಹೊಟ್ಟೆಗೆ ಕೈಹಾಕಿ ಎಲೆಯನ್ನು ಸವರಿ, ಮೂಸಿ, ಅದರ ದರ್ಜೆ ಹೇಳುವುದು. ಸಸಿಮಡಿಯಿಂದ ಹಿಡಿದು ಸೊಪ್ಪು ಬೇಯಿಸುವ ಬ್ಯಾರನ್ನಿನವರೆಗೆ ಬೆಳೆಗಾರ ಮಾಡಿದ ತಪ್ಪುಗಳನ್ನು ಅವನಿಗೇ ವಿವರಿಸಿ ಅವನ ಸಿಟ್ಟಿಗೆ ಪಾತ್ರನಾಗುವುದು. ಈ ವಿದ್ಯೆ ಮಲಾವಿಯ ಒಂದು ಕಂಪನಿಗೆ ಬೇಕಾಗಿತ್ತು. ಪಿರಿಯಾಪಟ್ಟಣದ ಹತ್ತಿರದ ನಮ್ಮೂರಿನಲ್ಲಿ ಜನ ಅದನ್ನು ಮಲೇಷಿಯಾ ಎಂದುಕೊಂಡರು. ನಾನು ತಿದ್ದಲು ಹೋಗಲಿಲ್ಲ; ತಿದ್ದಿದರೆ ಮರ್ಯಾದೆ ಕಡಿಮೆಯಾಗುತ್ತಿತ್ತು.

ನಮಗೆ ಮಕ್ಕಳಿರಲಿಲ್ಲ. ಹೆಂಡತಿ ಮತ್ತು ನಾನು ಹೋದೆವು. ಅಲ್ಲಿನವರ ಊಟ ಮುಸುಕಿನ ಜೋಳದ ಹಿಟ್ಟಿನ ಬಿಳಿ ಮುದ್ದೆ. ಅವಳು ಅದನ್ನು ಸುಣ್ಣದ ಮುದ್ದೆ ಎಂದು ಕರೆದು, ತಿಂದು, ಎರಡನೆಯ ವಾರ ಸಂತೆಯಲ್ಲಿ ರಾಗಿಯನ್ನು ಪತ್ತೆಮಾಡಿದಳು. ಅದೂ ಮೊಳಕೆ ಬರಿಸಿ ಒಣಗಿಸಿದ ರಾಗಿ. ಊರಿನಲ್ಲಾದರೆ ಅದಕ್ಕೆ ಬೇರೆ ಶ್ರಮಪಡಬೇಕಿತ್ತು ಎಂದು ಹಿಗ್ಗಿ, ಬಕೆಟ್ಟುಗಟ್ಟಲೆ ಕೊಂಡು ತಂದಳು. ಮಾರುವ ಹೆಂಗಸು ಇವಳಿಗೆ ವಿಶೇಷ ಗೌರವ ಕೊಡುತ್ತಿದ್ದಳು. ದೂರದಿಂದ ಕಂಡರೆ ಎದ್ದು ನಿಲ್ಲುತ್ತಿದ್ದಳು. ಇದಕ್ಕೆ ಕಾರಣ ತನ್ನ ಹಣೆಯ ವಿಭೂತಿ ಎಂದು ಇವಳು ತಿಳಿದಿದ್ದಳು.

ಒಂದು ಶನಿವಾರ ಸಂಜೆ ನಾಲ್ಕಾರು ಗಂಡಸರು ಚೊಂಬು ಹಿಡಿದುಕೊಂಡು ನಮ್ಮ ಗೇಟಿನ ಮುಂದೆ ಬಂದು ನಿಂತಾಗ ನಿಜ ತಿಳಿಯಿತು. ಆ ದೇಶದಲ್ಲಿ ಮೊಳಕೆ ರಾಗಿಗೆ ಇರುವ ಕೆಲಸ ಒಂದೇ, ಹೆಂಡವಾಗುವುದು. ಲಿಂಗವಂತರ ಮನೆಯ ಹೆಣ್ಣುಮಗಳು, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಇಡೀ ಸಂತೆಯ ಲೆಕ್ಕದಲ್ಲಿ ಆ ಪ್ರಾಂತದ ದೊಡ್ಡ ಹೆಂಡದ ವ್ಯಾಪಾರಿ. ಅವಳು ಬಂದವರನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಅಂಬಲಿ ಕಾಯಿಸಿ, ಮಜ್ಜಿಗೆ ಬೆರೆಸಿ ಕೊಟ್ಟಳು. ಅವರು ಕುಡಿದು, ಜಗಲಿಯ ಮೇಲೆ ಕೂತು, ಬಹಳ ಹೊತ್ತು ಕಾದರು. ಏನೂ ಆಗಲಿಲ್ಲ. ವಿನಯದಿಂದ ಎದ್ದು ಹೋದರು.

ರಾಗಿ ಮಾರುವವಳು ಅದನ್ನು ಕೇಳಿ ನಕ್ಕು ನಕ್ಕು ಸುಸ್ತಾಗಿ, ಅಂದಿನಿಂದ ಇವಳ ಗೆಳತಿಯಾದಳು. ಇಬ್ಬರಿಗೂ ಗೊತ್ತಿದ್ದ ಭಾಷೆ ಇರಲಿಲ್ಲ. ಇವಳು ನಮ್ಮೂರಿನ ಕನ್ನಡದಲ್ಲಿ, ಅವಳು ತನ್ನ ಭಾಷೆಯಲ್ಲಿ, ಸಂತೆಯ ಮೋಟು ಮಣೆಗಳ ಮೇಲೆ ಎದುರುಬದುರು ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಎರಡೂ ಭಾಷೆ ಬಲ್ಲ ನಾನು ಹತ್ತಿರ ಹೋದರೆ ಸುಮ್ಮನಾಗುತ್ತಿದ್ದರು.

ಅಲ್ಲಿನ ಪಟ್ಟಣದಲ್ಲಿ ಗುಜರಾತಿನ ವ್ಯಾಪಾರಿಗಳು ತಲೆಮಾರುಗಳಿಂದ ಇದ್ದಾರೆ. ಅವರದೇ ಒಂದು ಸುಡುಗಾಡೂ ಇದೆ. ಅವರಲ್ಲಿ ಒಬ್ಬರು ತೀರಿಕೊಂಡಾಗ ಹೋಗಿದ್ದೆವು. ವಾಪಸು ಬರುವಾಗ ಕಾರಿನಲ್ಲಿ ಹೆಂಡತಿ ಅಂದಳು.

"ನೋಡಿ, ನಂಗೇನಾದ್ರೂ ಆದ್ರೆ ಸುಡಿಸ್ಬುಟ್ಟೀರ. ನಮ್ಮಲ್ಲಿ ಅದಿಲ್ಲ. ಐಸ್ ಪೆಟ್ಟಿಗೇಲಿ ಮಡಗಿ ಊರ್ಗೂ ಸಾಗಿಸ್ಬ್ಯಾಡಿ, ಮೀನಲ್ಲ ನಾನು."

ಈ ವಿಷಯದಲ್ಲಿ ಹಿರಿಯನಾದ ನನಗೇ ಮೊದಲ ಹಕ್ಕು ಎಂದು ನಾನು ವಾದಿಸಿದೆ. ಅವಳು ಒಪ್ಪಲಿಲ್ಲ. ಮಾತು ಕೇಳುವ ಅಭ್ಯಾಸ ಅವಳಿಗೆ ಮೊದಲಿನಿಂದಲೂ ಕಡಿಮೆ. ಎರಡು ವರ್ಷ ಕಳೆಯುವುದರೊಳಗೆ, ಹಿಟ್ಟು ಜರಡಿಯಾಡುತ್ತಿದ್ದವಳು ಎದೆ ಒತ್ತಿದಂತಾಗುತ್ತದೆ ಎಂದಳು. ಜರಡಿಯನ್ನು ಪಕ್ಕಕ್ಕೆ, ಹಿಟ್ಟು ಚೆಲ್ಲದಂತೆ ಇಟ್ಟಳು. ಅಷ್ಟೇ.

ಗುಜರಾತಿನವರು ಆ ಸಂಜೆಯೇ ಬಂದರು. ಎಲ್ಲ ಏರ್ಪಾಟು ತಾವೇ ಮಾಡುವುದಾಗಿಯೂ, ಬೂದಿಯನ್ನು ಕುಡಿಕೆಯಲ್ಲಿ ಊರಿಗೆ ಒಯ್ಯಬಹುದೆಂದೂ ಬಹಳ ಪ್ರೀತಿಯಿಂದ ಹೇಳಿದರು. ನಮ್ಮಲ್ಲಿ ಹೂಳುತ್ತೇವೆ ಎಂದೆ. ಹೂಳುವುದೆಂದರೆ ಮಲಗಿಸಿಯೂ ಅಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಅವರ ಲಿಂಗವನ್ನು ಇಟ್ಟು, ಪೂಜೆಗೆ ಕೂತ ಹಾಗೆ ಕೂರಿಸಬೇಕು. ರಾಗಿಯವಳ ಹಳ್ಳಿಯ ಯಜಮಾನ ತಮ್ಮ ಹಿರಿಯರನ್ನು ಮಣ್ಣು ಮಾಡುವ ತೋಪಿನಲ್ಲಿ ಜಾಗ ಕೊಟ್ಟ. ಅಲ್ಲಿಯ ಮರಗಳಿಗೆ ಯಾರೂ ಕತ್ತಿ ತಾಗಿಸುವುದಿಲ್ಲ. ಗುಂಡಿ ತೋಡುವವರು ರೂಢಿಯಂತೆ ಉದ್ದಕ್ಕೆ ತೋಡಿದ್ದರು. ಅದನ್ನು ಮುಚ್ಚಿಸಿ ಚೌಕವಾಗಿ ತೋಡಿಸಿದಾಗ ಯಜಮಾನನಿಗೆ ಚಿಂತೆಯಾಯಿತು. ಯಾವಾಗಲೂ ಕೂತೇ ಇದ್ದರೆ ದಣಿವಾಗುವುದಿಲ್ಲವೇ ಎಂದು ಕೇಳಿದ. ಉತ್ತರ ಕೊಟ್ಟದ್ದು ರಾಗಿಯವಳು. ಸಂತೆಯಲ್ಲಿ ಹೀಗೇ ಕೂರುತ್ತಿದ್ದಳು, ಅಭ್ಯಾಸವಿದೆ ಎಂದಳು.

ಊರಿನಲ್ಲಿ ನನ್ನ ಅಣ್ಣ, ಕ್ರಿಯೆ ಮಾಡಿಸುವ ಅಯ್ಯನವರ ಬಾಯಿಗೆ ಮೊಬೈಲು ಹಿಡಿದಿದ್ದ. ಮಂತ್ರ ಪಿರಿಯಾಪಟ್ಟಣದ ಟವರಿನಿಂದ ಹೊರಟು ಸಮುದ್ರ ದಾಟಿ ಆ ತೋಪಿಗೆ ಬಂತು. ನಡುವೆ ಎರಡು ಸಲ ಕಡಿಯಿತು. ಅಯ್ಯನವರು ತೀರಿಕೊಂಡವರ ನೆತ್ತಿಯ ಮೇಲೆ ಪಾದವಿಟ್ಟು ಹರಸುವ ಕ್ರಮವೊಂದಿದೆ. ಮೊಬೈಲಿನಲ್ಲಿ ಪಾದ ಬರುವುದಿಲ್ಲ. ಸ್ವಲ್ಪ ಯೋಚಿಸಿ ಅಯ್ಯನವರು, ಅಲ್ಲಿ ಹಿರಿಯರು ಯಾರಿದ್ದಾರೋ ಅವರು ಕೈಯಿಡಲಿ ಎಂದರು. ರಾಗಿಯವಳು ಕೈಯಿಟ್ಟಳು.

ಆಮೇಲೂ ಮೂರು ಬೆಳೆ ನಾನು ಅಲ್ಲೇ ಇದ್ದೆ. ಭಾನುವಾರ ತೋಪಿಗೆ ಹೋಗುತ್ತಿದ್ದೆ. ಆ ದೇಶದಲ್ಲಿ ಬೆಳಗ್ಗೆ ಎದುರಾದವರು "ಹೇಗೆ ಎದ್ದೆ?" ಎಂದು ಕೇಳುತ್ತಾರೆ, "ನಾನು ಚೆನ್ನಾಗಿ ಎದ್ದೆ, ನಿನ್ನದು ಹೇಗೋ ಕಾಣೆ" ಎಂದು ಮರುನುಡಿಯಬೇಕು. ಚೆನ್ನಾಗಿ ಎದ್ದಿಲ್ಲ ಎನ್ನುವುದಕ್ಕೆ ಅವರಲ್ಲಿ ಮಾತಿದೆಯೋ ಇಲ್ಲವೋ ನಾನು ಕಲಿಯಲಿಲ್ಲ. ಕಲಿತಿದ್ದನ್ನೇ ದಿನವೂ ಹೇಳಿದೆ.

ಆಮೇಲೆ ಕಂಪನಿ ಆ ಪ್ರಾಂತದ ಖರೀದಿ ನಿಲ್ಲಿಸಿತು. ಕೆಲಸ ಇಲ್ಲದ ಪರದೇಶದವನಿಗೆ ಅಲ್ಲಿ ಇರಲು ಅನುಮತಿ ಇಲ್ಲ. ಊರಿಗೆ ಹೊರಡಬೇಕಾಯಿತು. ನನಗೆ ಬರೀ ದುಃಖವೇ ಆಯಿತು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ, ಆದರೆ ಹಾಗೆ ಆಗಲಿಲ್ಲ. ಹುಣಸೂರಿನ ಬಸ್ ಸ್ಟ್ಯಾಂಡಿನ ಕಾಫಿ, ಮಡಿಕೇರಿ ಮಡಿಕೇರಿ ಎಂದು ಕೂಗುವ ಕಂಡಕ್ಟರು, ಹಿತಕಿದವರೆ ಸಾರು ಇವೆಲ್ಲ ಹಗಲು ಹೊತ್ತಿನಲ್ಲೇ ಕಣ್ಣಮುಂದೆ ಬಂದು, ಸೂಟ್‌ಕೇಸು ತುಂಬುತ್ತ ನಾನು ಗುನುಗುತ್ತಿದ್ದೆ. ಗುನುಗುತ್ತಿದ್ದೇನೆಂದು ಗೊತ್ತಾದಾಗ ನಿಲ್ಲಿಸಿ, ಹಾಸಿಗೆಯ ಅಂಚಿನಲ್ಲಿ ಕೂರುತ್ತಿದ್ದೆ.

ಅಣ್ಣ ಫೋನು ಮಾಡಿದ.

"ಅಲ್ಲಾ ಕಣ್ಲಾ, ಅವುಳ್ನ ಅಲ್ಲೇ ಬುಟ್ಬುಟ್ಟು ಒಬ್ನೇ ಬತ್ತೀಯಾ?"

ನಾನು ಸೂಟ್‌ಕೇಸಿನ ಮುಚ್ಚಳ ಮುಚ್ಚಿದೆ.

"ಒಂದ್ ಹಿಡಿ ಮಣ್ಣಾದ್ರೂ ತಕಬಾ. ಅವ್ವನ ಮಗ್ಗುಲಲ್ಲಿ ಜಾಗ ಮಾಡಿಸ್ತೀನಿ."

ಅಣ್ಣನ ಹೊಲದ ಮೂಲೆಯಲ್ಲಿ ಅಪ್ಪ ಅವ್ವನ ಗದ್ದುಗೆಗಳಿವೆ. ನಮ್ಮಲ್ಲಿ ಸತ್ತವರು ಹೊಲ ಬಿಟ್ಟು ಹೋಗುವುದಿಲ್ಲ. ಅವರ ಪಕ್ಕದಲ್ಲೇ ಉಳುಮೆ ನಡೆಯುತ್ತದೆ, ಜಗಳ ನಡೆಯುತ್ತದೆ, ಅವರಿಗೆ ಎಲ್ಲವೂ ಗೊತ್ತಿರುತ್ತದೆ. ಸುಟ್ಟಿದ್ದರೆ ಅವಳು ಕುಡಿಕೆಯಲ್ಲಿ ನನ್ನ ತೊಡೆಯ ಮೇಲೆ ಕೂತು ಊರಿಗೆ ಬರುತ್ತಿದ್ದಳು. ನಮ್ಮ ಪದ್ಧತಿಯಂತೆ ಎಲ್ಲವನ್ನೂ ಸರಿಯಾಗಿ ಮಾಡಿದ್ದರಿಂದ ಬರುವಂತಿರಲಿಲ್ಲ.

ಹಿಡಿ ಮಣ್ಣೇಕೆ, ಅವಳನ್ನೇ ಎತ್ತಿಕೊಂಡು ಹೋಗಬಹುದೇ ಎಂದು ಒಂದು ದಿನ ಹಳ್ಳಿಯ ಯಜಮಾನನನ್ನು ಕೇಳಿಬಿಟ್ಟೆ. ಆತನಿಗೆ ಕೋಪ ಬರಲಿಲ್ಲ. ಕೋಪ ಬಂದಿದ್ದರೆ ಒಳ್ಳೆಯದಿತ್ತು.

"ಮನೆ ಖಾಲಿ ಮಾಡುತ್ತಿರುವವನು ನೀನು," ಎಂದ. "ಅವಳು ಮಾಡುತ್ತೇನೆ ಎಂದಳೇನು?"

ಕೊನೆಗೆ ಮಣ್ಣನ್ನೇ ತಂದೆ. ಅವಳ ಉಪ್ಪಿನಕಾಯಿ ಜಾಡಿಯನ್ನು ತೊಳೆದು ಒಣಗಿಸಿ, ಗದ್ದುಗೆಯ ನೆತ್ತಿಯ ಮೇಲಿನಿಂದ ಎರಡು ಹಿಡಿ ತುಂಬಿದೆ. ಮನೆಗೆ ತಂದು ಅಡಿಗೆಮನೆಯ ಮೇಜಿನ ಮೇಲಿಟ್ಟು ನೋಡುತ್ತ ಕೂತಾಗ, ಕಾಲು ಶತಮಾನದ ನನ್ನ ಕಸುಬು ನನ್ನೊಳಗೆ ಗಂಟಲು ಸರಿಮಾಡಿಕೊಂಡು ಮಾತಾಡತೊಡಗಿತು. ಆ ತೋಪಿನ ಸುತ್ತ ಎಲ್ಲ ಹೊಗೆಸೊಪ್ಪಿನ ಹೊಲಗಳು. ಆ ಮಣ್ಣಿನಲ್ಲಿ ಬೇರುಗಂಟು ರೋಗದ ಹುಳು ಇದೆ; ಕಣ್ಣಿಗೆ ಕಾಣದ್ದು, ಚಪ್ಪಲಿಗೆ ಅಂಟಿದ ಮಣ್ಣಿನಲ್ಲೂ ಪ್ರಯಾಣ ಮಾಡುವಂಥದ್ದು. ಹೊಲದಿಂದ ಹೊಲಕ್ಕೆ ಮಣ್ಣು ಒಯ್ಯಬೇಡಿ, ಕಾಲು ತೊಳೆದು ಬನ್ನಿ ಎಂದು ಎರಡು ದೇಶಗಳ ಬೆಳೆಗಾರರಿಗೆ ಬೋಧನೆ ಮಾಡಿದವನು ನಾನು. ಅವ್ವನ ಗದ್ದುಗೆಯ ಪಕ್ಕಕ್ಕೇ ಅಣ್ಣನ ಸಸಿಮಡಿ. ಪರದೇಶದ ಹುಳುವನ್ನು ಭಕ್ತಿಯಿಂದ ಹೊತ್ತುಕೊಂಡು ಹೋಗಿ ಅಣ್ಣನ ಮಡಿಯ ಪಕ್ಕ ಬಿಡುವುದೆಂದರೆ, ಅವಳೇ ಒಪ್ಪುತ್ತಿರಲಿಲ್ಲ.

ಇದಕ್ಕೆ ಪರಿಹಾರವೂ ನನಗೆ ಗೊತ್ತಿತ್ತು. ಮಣ್ಣನ್ನು ಹುರಿದರೆ ಹುಳು ಸಾಯುತ್ತದೆ. ಹಿಂದೆ ಸಸಿಮಡಿಯ ಮೇಲೆ ತರಗು ಹಾಕಿ ಸುಡುತ್ತಿದ್ದದ್ದು ಇದಕ್ಕೇ. ಅವಳ ಕಬ್ಬಿಣದ ಬಾಣಲೆ ಇನ್ನೂ ಪ್ಯಾಕ್ ಆಗಿರಲಿಲ್ಲ. ಅದನ್ನು ಒಲೆಯ ಮೇಲಿಟ್ಟು ಮಣ್ಣು ಸುರಿದು, ಗ್ಯಾಸು ಹಚ್ಚಿ, ಸೌಟಿನಿಂದ ಕೈಯಾಡಿಸತೊಡಗಿದೆ. ಒದ್ದೆಯಿದ್ದ ಮಣ್ಣು ಬೆಚ್ಚಗಾಗಿ ಮೊದಲ ಮಳೆ ಬಿದ್ದ ಹಾಗೆ ವಾಸನೆ ಬಂತು. ಆಮೇಲೆ ಅಂಚಿನಲ್ಲಿ ಸಣ್ಣಗೆ ಹೊಗೆಯೆದ್ದಿತು.

ನಾನು ಏನು ಮಾಡುತ್ತಿದ್ದೇನೆ ಎಂಬುದು ಆಗ ಗೊತ್ತಾಯಿತು. ಅವಳು ಬೇಡವೆಂದದ್ದನ್ನು, ಗುಜರಾತಿನವರ ಎದುರು ನಾನೇ ಬೇಡವೆಂದು ನಿಂತು ತಡೆದದ್ದನ್ನು, ಅವಳದೇ ಒಲೆಯ ಮೇಲೆ, ಅವಳದೇ ಸೌಟು ಹಿಡಿದು ಮಾಡುತ್ತಿದ್ದೆ.

ಗ್ಯಾಸು ಆರಿಸಿದೆ. ಬಾಣಲೆ ಆರುವವರೆಗೆ ಕಾಯಲಿಲ್ಲ. ಬಟ್ಟೆಯಲ್ಲಿ ಹಿಡಿದುಕೊಂಡು ಕಾರಿನಲ್ಲಿಟ್ಟು ತೋಪಿಗೆ ಹೋದೆ. ರಾಗಿಯವಳು ದಾರಿಯಲ್ಲಿ ಸಿಕ್ಕಿ ಹತ್ತಿಕೊಂಡಳು. ಬಾಣಲೆಯಲ್ಲಿ ಏನಿದೆ ಎಂದು ಕೇಳಲಿಲ್ಲ. ನಾನು ಮಣ್ಣನ್ನು ಅದರ ಜಾಗಕ್ಕೆ ಸುರಿದು ಕೈಯಿಂದ ಒತ್ತಿದೆ. ಬೆಚ್ಚಗಿತ್ತು. ಅವಳೂ ಬಗ್ಗಿ ಕೈಯಿಟ್ಟು, ಬಿಸಿ ತಾಗಿ ನನ್ನ ಮುಖ ನೋಡಿದಳು. ಹೊರಡುವಾಗ ಬಾಣಲೆಯನ್ನು ಅವಳಿಗೇ ಕೊಟ್ಟೆ. ನೀನು ಹೋಗು, ಭಾನುವಾರ ನಾನು ಬಂದು ಕೂರುತ್ತೇನೆ ಎಂದಳು. ಆ ದಿನ ನನಗೆ ಅಳು ಬಂದದ್ದು ಈ ಮಾತಿಗಲ್ಲ. ಸಂತೆಯಲ್ಲಿ ಇಬ್ಬರೂ ಏನು ಮಾತಾಡುತ್ತಿದ್ದಿರಿ ಎಂದು ಕೇಳಿದೆ. ನಿನ್ನನ್ನು ಬೈಯುತ್ತಿದ್ದಳು ಎಂದಳು.

ವಿಮಾನ ಏರಿದಾಗ ಕೆಳಗೆ ಕೆಂಪು ನೆಲ ಕಾಣುತ್ತಿತ್ತು, ಪಿರಿಯಾಪಟ್ಟಣದ ಕೆಂಪೇ. ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದೇನೆಂದು ನೆಲ ನೋಡಿ ಹೇಳುವಂತಿರಲಿಲ್ಲ. ದರ್ಜೆ ಹೇಳುವವನಿಗೆ ಇದು ಅವಮಾನವೇ.

ಮೈಸೂರಿನಿಂದ ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಬೈಲಕುಪ್ಪೆಗೆ ಹೋಗುವ ಟಿಬೆಟಿನ ಮುದುಕರೊಬ್ಬರು ಜಪಮಣಿ ಎಣಿಸುತ್ತ ಕೂತಿದ್ದರು. ಚಿಕ್ಕಂದಿನಿಂದ ಅವರ ಜನರ ಅಂಗಡಿಯಲ್ಲಿ ಸ್ವೆಟರು ಕೊಂಡಿದ್ದೇನೆ. ನಿಮ್ಮವರನ್ನೆಲ್ಲ ಎಲ್ಲಿ ಬಿಟ್ಟು ಬಂದಿರಿ ಎಂದು ಒಮ್ಮೆಯೂ ಕೇಳಿರಲಿಲ್ಲ, ಬಣ್ಣ ಹೋಗುತ್ತದೆಯೇ ಎಂದು ಮಾತ್ರ ಕೇಳಿದ್ದೆ. ಅಂದೂ ಕೇಳಲಿಲ್ಲ. ಅವರು ಕಿಟಕಿಯ ಸೀಟು ಬಿಟ್ಟುಕೊಟ್ಟರು.

ಅಣ್ಣ ಹೊಲದ ಮೂಲೆಯಲ್ಲಿ ಅವ್ವನ ಮಗ್ಗುಲಿಗೆ ಸಣ್ಣ ಗುಂಡಿ ತೆಗೆಸಿ, ಸುತ್ತ ಇಡಲು ಕಲ್ಲು ತರಿಸಿ, ಅಯ್ಯನವರನ್ನೂ ಕರೆಸಿದ್ದ. ನಾನು ಚಪ್ಪಲಿ ಬಿಟ್ಟು ಹೊಲಕ್ಕೆ ಇಳಿದೆ.

"ತಂದ್ಯೇನ್ಲಾ?" ಎಂದ.

"ಇಲ್ಲ ಅಣ್ಣ. ಆ ಮಣ್ಣಲ್ಲಿ ಬೇರುಗಂಟು ಐತೆ."

ಅಣ್ಣ ಸಸಿಮಡಿಯ ಕಡೆಗೊಮ್ಮೆ ನೋಡಿ ತಲೆಯಾಡಿಸಿದ. ಬೆಳೆಗಾರ; ಅರ್ಥವಾಯಿತು. ಬಾಣಲೆಯ ವಿಷಯ ಅವನಿಗೆ ಹೇಳಲಿಲ್ಲ. ಅಯ್ಯನವರು, ಲಿಂಗದಲ್ಲಿ ಸೇರಿಹೋದವಳಿಗೆ ಆ ಮಣ್ಣೇನು ಈ ಮಣ್ಣೇನು ಎಂದು ಸಮಾಧಾನ ಹೇಳಿದರು. ಶಾಸ್ತ್ರದ ಪ್ರಕಾರ ಅದು ಪೂರ್ತಿ ಸರಿ. ಗುಂಡಿಯ ಸುತ್ತ ನಿಂತಿದ್ದ ಮೂವರಲ್ಲಿ ಯಾರಿಗೂ ಅದರಿಂದ ಸಮಾಧಾನವಾಗಲಿಲ್ಲ, ಹೇಳಿದವರಿಗೂ ಸೇರಿ.

ಅಣ್ಣ ಕೇಳಿದ. "ಓಗ್ಲಿ ಬುಡು. ನಿಂಗಾದ್ರೂ ಜಾಗ ಇಲ್ಲೇ ತಾನೇ?"

ಇಲ್ಲೇ ಎಂದರೆ ಅವಳು ಅಲ್ಲಿ ಒಬ್ಬಳೇ ಆಗುತ್ತಾಳೆ. ಅಲ್ಲ ಎಂದರೆ ಅಣ್ಣನ ಮುಖ ನೋಡುವುದು ಹೇಗೆ. ಆ ದೇಶಕ್ಕೆ ಹೋಗಲು ನನಗಿನ್ನು ಕಾರಣವೂ ಇಲ್ಲ, ಅನುಮತಿಯೂ ಇಲ್ಲ. ಅಣ್ಣ ಮತ್ತೆ ಕೇಳಿಲ್ಲ.

ಗುಂಡಿಯನ್ನು ಮುಚ್ಚಿಸಿದರು. ಕಲ್ಲುಗಳನ್ನು ಕೊಟ್ಟಿಗೆಯ ಕಟ್ಟೆಗೆ ಹಾಕಿದರು. ಈ ಮುಂಗಾರಿನಲ್ಲಿ ಆ ಜಾಗದಲ್ಲಿ ಅಲಸಂದೆ ಬಿತ್ತಿದ್ದಾರೆ.